ಬುತ್ತಿಯೂ ಗಂಟೂ

ದೂರದ ಕಾರ್ಯಕ್ಕೆ ಹೊರಟವನು ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬುದು ಮೇಲ್ನೋಟಕ್ಕೆ ಮನೆವಾರ್ತೆಯ ಮಾತಾಗಿ ತೋರುವುದು. ಆದರೆ ಚೀಲ ಕಟ್ಟುವ ಹೊತ್ತಿನಲ್ಲಿ ಮನುಷ್ಯನ ಭಯವೂ ನಂಬಿಕೆಯೂ ಹೊರಬೀಳುವುದರಿಂದ ಈ ಮಾತು ಧರ್ಮವಿಚಾರಕ್ಕೂ ಸಲ್ಲತಕ್ಕದ್ದಾಗಿದೆ.

ಈ ಕಾಲದ ತರುಣರಲ್ಲಿ ‘ಗೇಮ್ ಜಾಮ್’ ಎಂಬ ಕೂಟವು ರೂಢಿಗೆ ಬಂದಿರುವುದು. ಗಣಕಯಂತ್ರದ ಮೇಲೆ ಆಡತಕ್ಕ ಆಟವೊಂದನ್ನು ವಾರದ ಕೊನೆಯ ಎರಡು ದಿನಗಳಲ್ಲಿ ಆದ್ಯಂತವಾಗಿ ರಚಿಸಿ ಮುಗಿಸುವುದೇ ಇದರ ಉದ್ದೇಶ. ‘ಲೂಡಮ್ ಡೇರ್’ ಎಂಬುದು ೨೦೦೨ರಲ್ಲಿ ಆರಂಭವಾಯಿತು. ‘ಗ್ಲೋಬಲ್ ಗೇಮ್ ಜಾಮ್’ ಎಂಬುದು ೨೦೦೯ರ ಜನವರಿಯಲ್ಲಿ ಮೊದಲ ಸಲ ೨೩ ದೇಶಗಳ ೫೩ ಸ್ಥಳಗಳಲ್ಲಿ ನಡೆಯಿತು. ಅಂದು ಗೊತ್ತುಮಾಡಿದ ಅವಧಿ ೪೮ ಗಂಟೆ. ಆಟದ ವಿಷಯವನ್ನು ಆರಂಭದ ಗಳಿಗೆಯವರೆಗೂ ಗುಟ್ಟಾಗಿಡುವರು. ಎಲ್ಲರೂ ಸಮವಾಗಿ ಹೊರಡಲಿ ಎಂಬುದೇ ಆಶಯ.

ಬಸವಕಲ್ಯಾಣದ ಒಬ್ಬ ವಿದ್ಯಾರ್ಥಿಯು ಇಂಥ ಕೂಟಕ್ಕಾಗಿ ಬೆಂಗಳೂರಿಗೆ ಹೊರಟಿರುವನೆಂದು ಭಾವಿಸಬಹುದು. ಬಸ್ಸಿನಲ್ಲಿ ಹುಮನಾಬಾದಿಗೆ ಬಂದು, ೨೦೧೭ರಲ್ಲಿ ಪೂರ್ತಿಯಾದ ಬೀದರ–ಕಲಬುರಗಿ ಹಾದಿಯ ರೈಲನ್ನು ಅಲ್ಲಿ ಹಿಡಿಯತಕ್ಕವನು. ತಾಯಿಯು ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿ ಕಟ್ಟುವಳು. ಲ್ಯಾಪ್‌ಟಾಪು, ಚಾರ್ಜರು, ಒಂದು ಹೊದಿಕೆ ಚೀಲವನ್ನು ಸೇರುವುವು. ಕೊನೆಗೆ ಯಾರ ಕಣ್ಣಿಗೂ ಬೀಳದಂತೆ ಒಂದು ಪೆನ್ ಡ್ರೈವು ಒಳಸೇರುವುದು. ಅದರಲ್ಲಿ ತಿಂಗಳ ಹಿಂದೆಯೇ ಮನೆಯಲ್ಲಿ ಮುಕ್ಕಾಲು ಮುಗಿಸಿದ ಆಟವಿದೆ. ವಿಷಯ ಏನೇ ಬರಲಿ, ಹೆಸರು ಬದಲಿಸಿ ಒಪ್ಪಿಸಿದರಾಯಿತೆಂಬುದು ಅವನ ಎಣಿಕೆ. ಇದು ಸಿದ್ಧತೆಯೋ, ವಂಚನೆಯೋ?

ಅವನ ಪಕ್ಷದಲ್ಲಿಯೂ ಮಾತಿದೆ. ನಗರದ ತರುಣನಿಗೆ ವೇಗವಾದ ಯಂತ್ರವುಂಟು, ಕೇಳಿದೊಡನೆ ಹೇಳಿಕೊಡುವ ಗೆಳೆಯರುಂಟು, ಹಲವು ವರ್ಷಗಳ ಪಳಗಿಕೆಯುಂಟು. ಅಸಮಾನರಿಗೆ ಸಮಾನವಾದ ೪೮ ಗಂಟೆಗಳನ್ನು ಅಳೆದುಕೊಟ್ಟ ಮಾತ್ರಕ್ಕೆ ನ್ಯಾಯವಾಗದು. ಇಲ್ಲದವನು ತನ್ನ ಕೊರತೆಯನ್ನು ತುಂಬಿಕೊಳ್ಳಲು ಒಂದಿಷ್ಟು ಮುಂದಾಗಿ ಕೂಡಿಟ್ಟರೆ ತಪ್ಪೇನು? ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಆ ವಿದ್ಯಾರ್ಥಿಯ ಊರೇ ಇದಕ್ಕೆ ಒಂದು ಉತ್ತರವನ್ನು ಇಟ್ಟುಕೊಂಡಿದೆ. ೧೨ನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದೇ ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ ಹೆಚ್ಚಾದುದನ್ನು ಹಿಂದಕ್ಕೆ ಒಯ್ದು ಸುರಿದು ಬರುವಂತೆ ಹೇಳಿದಳೆಂಬ ಕಥೆ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಬಡತನವು ಕೂಡಿಡುವುದಕ್ಕೆ ನೆವವಾಗುವುದಾದರೆ, ಆ ನೆವವು ಅವಳಿಗಿಂತ ಹೆಚ್ಚಾಗಿ ಯಾರಿಗೆ ಸಲ್ಲುತ್ತಿತ್ತು? ಆದರೂ ಇಲ್ಲಿ ಒಂದು ಸೂಕ್ಷ್ಮವುಂಟು. ಅಕ್ಕಿ ತುಂಬುವ ಚೀಲವನ್ನಾಗಲಿ, ಆಯುವ ಕೈಯ ಚಳಕವನ್ನಾಗಲಿ ಆಕೆ ಬಿಡಿಸಲಿಲ್ಲ. ಬಿಡಿಸಿದುದು ನಾಳೆಯ ದುಡಿಮೆಯನ್ನು ಇಂದೇ ಅನಾವಶ್ಯಕವಾಗಿಸುವ ಅಕ್ಕಿಯನ್ನು ಮಾತ್ರ.

ಸಿದ್ಧತೆಗೂ ಸಂಗ್ರಹಕ್ಕೂ ಇರುವ ಗಡಿ ಇದೇ. ಉಪಕರಣ, ಅಭ್ಯಾಸ, ಅನ್ನ, ಇವು ದುಡಿಮೆಯನ್ನು ಸಾಧ್ಯವಾಗಿಸುವುವು. ಗುಟ್ಟಾಗಿ ತಂದ ಫಲವು ದುಡಿಮೆಯನ್ನೇ ತಪ್ಪಿಸುವುದು. ಲೂಡಮ್ ಡೇರ್‌ನಲ್ಲಿ ಒಬ್ಬೊಬ್ಬರೇ ರಚಿಸುವ ವಿಭಾಗಕ್ಕೆ ಇಟ್ಟ ನಿಯಮವೂ ಹೆಚ್ಚುಕಡಿಮೆ ಹೀಗೆಯೇ ಇದೆ: ಮೊದಲೇ ಬರೆದಿಟ್ಟ ತಳಹದಿಯ ಸಂಕೇತಗಳನ್ನು ಬಳಸಬಹುದು, ಚಿತ್ರ, ಧ್ವನಿ ಮೊದಲಾದುವನ್ನು ೪೮ ಗಂಟೆಗಳೊಳಗೆಯೇ ರಚಿಸಬೇಕು, ಕಡೆಗೆ ಮೂಲಬರಹವನ್ನು ಎಲ್ಲರೆದುರಿಗೆ ತೆರೆದಿಡಬೇಕು. ಈ ಕೊನೆಯ ಮಾತು ಒರೆಗಲ್ಲಿನಂಥದು. ಸಭೆಯ ನಡುವೆ ಬಿಚ್ಚಿ ತೋರಿಸಲು ಅಳುಕಿಲ್ಲದುದು ಬುತ್ತಿ, ಬಚ್ಚಿಟ್ಟುಕೊಳ್ಳಬೇಕಾದುದು ಗಂಟು.

ಅಸಮಾನತೆಯ ದೂರು ಇದರಿಂದ ಸುಳ್ಳಾಗದು. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕೇ ಹೊರತು ಕಳ್ಳತನದಿಂದ ಸರಿಪಡಿಸಬಾರದು. ಯಂತ್ರ ಕೊರತೆಯಾದವನಿಗೆ ಯಂತ್ರವನ್ನು ಒದಗಿಸುವುದು ಕೂಟ ನಡೆಸುವವರ ಕರ್ತವ್ಯ. ಎರಡು ಚಾರ್ಜರು ತಂದವನು ಒಂದನ್ನು ಪಕ್ಕದವನಿಗೆ ಕೊಟ್ಟರೆ, ಹತ್ತು ರೊಟ್ಟಿ ತಂದವನು ಐದನ್ನು ಹಂಚಿದರೆ, ಹೆಚ್ಚಿನ ಹೊರೆಯೇ ದಾಸೋಹವಾಗುವುದು. ಬಚ್ಚಿಟ್ಟ ಆಟವನ್ನಾದರೋ ಯಾರೊಡನೆಯೂ ಹಂಚಿಕೊಳ್ಳಲಾಗದು.

ಇನ್ನು ಆ ವಿದ್ಯಾರ್ಥಿಯ ಲಾಭನಷ್ಟದ ಲೆಕ್ಕ. ಗುಟ್ಟಿನ ಗಂಟಿನಿಂದ ಅವನಿಗೆ ಬಹುಮಾನ ದೊರೆಯಬಹುದು. ಆದರೆ ತಿಳಿಯದ ವಿಷಯದೆದುರು ನಿದ್ದೆಗೆಟ್ಟು ಕುಳಿತಾಗ ತನ್ನಿಂದ ಏನಾಗುವುದೆಂಬ ಅರಿವು ದೊರೆಯದು. ಅಷ್ಟು ದೂರ ಹೋದುದಾದರೋ ಆ ಅರಿವಿಗಾಗಿಯೇ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂದು ಹಿರಿಯರು ಕೇಳುವರು. ತಾಯಿ ಕಟ್ಟಿದ ಬುತ್ತಿ ಎರಡು ದಿನ ಬಂದರೆ ಸಾಕು. ಆಮೇಲಿನದಕ್ಕೆ ಅವನ ಕೈಯೇ ಆಧಾರ. ಹುಮನಾಬಾದಿನಲ್ಲಿ ರೈಲು ಹತ್ತುವ ಮೊದಲೇ ಆ ಗುಟ್ಟಿನ ಆಟವನ್ನು ಅಳಿಸಿಹಾಕಿದರೆ ಅವನ ಚೀಲದ ತೂಕವೇನೂ ಕಡಮೆಯಾಗದು. ಆದರೆ ಕೂಟದಲ್ಲಿ ಯಾರು ಬಂದು ಚೀಲ ಬಿಚ್ಚೆಂದರೂ ಅವನು ನಿಸ್ಸಂಕೋಚವಾಗಿ ಬಿಚ್ಚುವನು.