ತಾಳ್ಮೆಯೂ ತಲೆಬಾಗುವುದೂ ಒಂದೆಯೇ?



'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವೆಲ್ಲ. ಕುವೈತಿಗೆ ಬಂದ ಮೇಲೆ ಅದೇ ಮಾತು ಅರಬ್ಬಿಯಲ್ಲಿ 'ಸಬರ್' ಎಂದು ಕಿವಿಗೆ ಬಿತ್ತು. ಉತ್ತರ ಕರ್ನಾಟಕದವರು 'ಸಬೂರಿ' ಎನ್ನುವುದೂ ಇದನ್ನೇ. ಕ್ರೈಸ್ತರಾದ ನಾವು ಚರ್ಚಿನಲ್ಲಿ ಕೇಳುವುದು 'ಸೈರಣೆ'. ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರವಲ್ಲವೇ! ಪದಗಳು ಬೇರೆ, ಗುಣ ಒಂದೇ. ಆದರೆ ಕೆಲಸದ ಜಾಗದಲ್ಲಿ ದಿನವೂ ಅವಮಾನ ನುಂಗುವವರಿಗೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಎಲ್ಲಿಯವರೆಗೆ ತಾಳಬೇಕು? ತಾಳ್ಮೆ ಹೇಡಿತನವಾಗುವುದು ಎಲ್ಲಿ?

ವೈದ್ಯರಾದ ನಮ್ಮ ಬಳಿಗೆ ರಕ್ತದೊತ್ತಡ, ಹೊಟ್ಟೆಯುರಿ, ನಿದ್ರಾಹೀನತೆ ಎಂದು ಬರುವವರಲ್ಲಿ ಹಲವರ ಕಾಯಿಲೆಯ ಬೇರು ಆಫೀಸಿನಲ್ಲಿರುತ್ತದೆ. ಇಕಾಮಾ ಕಂಪನಿಯ ಕೈಯಲ್ಲಿ, ಮನೆಯ ಸಾಲ ಊರಿನಲ್ಲಿ, ಮಕ್ಕಳ ಫೀಸು ತಲೆಯ ಮೇಲೆ. ಬಾಯಿ ಬಿಡುವುದು ಹೇಗೆ? ನಾವೂ ಇದಕ್ಕೆ ಹೊರತಲ್ಲ. ಹೊಣೆಯೆಲ್ಲ ನಮಗೆ, ಹೆಸರೆಲ್ಲ ಮುದೀರರಿಗೆ ಎನ್ನುವಂಥ ಕಡೆ ಕೆಲವು ವರ್ಷ ದುಡಿದಿದ್ದೇವೆ. ಮೇಲಿನವರ ತಪ್ಪಿಗೆ ಕೆಳಗಿನ ನರ್ಸುಗಳು ಬೈಗುಳ ತಿನ್ನುವುದನ್ನು ಕಂಡಿದ್ದೇವೆ.

ಅಂಥ ದಿನಗಳಲ್ಲಿ ನಮಗೆ ಆಸರೆಯಾದದ್ದು ಸಂತ ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಪತ್ರ. ಯಾವ ಕೆಲಸವನ್ನೇ ಆಗಲಿ ಮನುಷ್ಯರಿಗೆಂದು ಮಾಡದೆ ದೇವರಿಗೆಂದೇ ಮನಸಾರೆ ಮಾಡಿ ಎಂಬುದು ಅಲ್ಲಿನ ಬೋಧೆ. ನಮ್ಮ ಕೆಲಸದ ಬೆಲೆ ಕಟ್ಟುವ ಅಧಿಕಾರವನ್ನು ಇದು ಯಜಮಾನನ ಕೈಯಿಂದ ತೆಗೆದುಬಿಡುತ್ತದೆ. ಬಸವಣ್ಣನವರ ಕಾಯಕ, ಗೀತೆಯ ನಿಷ್ಕಾಮ ಕರ್ಮ ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸಲಾರದು. ಬೈಸಿಕೊಂಡು ಬಂದರೂ ಎದುರಿಗಿರುವ ರೋಗಿಗೆ ಅದೇ ಶ್ರದ್ಧೆ, ಅದೇ ಮುಗುಳ್ನಗೆ. ಬೈದವರಿಗಾಗಿ ಪ್ರಾರ್ಥಿಸುವುದೂ ನಮ್ಮ ಧರ್ಮದ ಪಾಠವೇ. ಪ್ರಾರ್ಥನೆಯಿಂದ ಮುದೀರರು ಬದಲಾದರೋ ಇಲ್ಲವೋ, ನಮಗೆ ರಾತ್ರಿ ನಿದ್ದೆಯಂತೂ ಬಂತು!

ಇದಕ್ಕೆ ಈ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಎಣ್ಣೆ ಸಿಗುವುದಕ್ಕೂ ಮುಂಚೆ, 1912ರಲ್ಲಿ, ಡಾ. ಎಲಿನೋರ್ ಕ್ಯಾಲ್ವರ್ಲಿ ಎಂಬ ಅಮೆರಿಕದ ವೈದ್ಯೆ ಪತಿಯೊಡನೆ ಕುವೈತಿಗೆ ಬಂದರು. ಡಾ. ಸ್ಟ್ಯಾನ್ಲಿ ಮೈಲ್ರಿಯವರು 1920ರ ಜಹ್ರಾ ಕಾಳಗದ ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ಅವರೆಲ್ಲ ಬಂದದ್ದು ಮಿಷನರಿಗಳಾಗಿ. ಆದರೆ ಮತ ಬದಲಿಸಿದವರು ಬೆರಳೆಣಿಕೆಯಷ್ಟು ಮಂದಿ. ಬಂದ ಉದ್ದೇಶ ಫಲಿಸಲಿಲ್ಲವೆಂದು ಅವರು ಆಸ್ಪತ್ರೆಯ ಬಾಗಿಲು ಹಾಕಲಿಲ್ಲ. 1967ರವರೆಗೂ ಅಲ್ಲಿ ರೋಗಿಗಳ ಶುಶ್ರೂಷೆ ನಡೆಯಿತು. ಗಲ್ಫ್ ರಸ್ತೆಯ ಆ ಕಟ್ಟಡವೇ ಈಗ ಅಮೆರಿಕಾನಿ ಸಾಂಸ್ಕೃತಿಕ ಕೇಂದ್ರ. ಬಯಸಿದ ಫಲ ಕಾಣದಿದ್ದರೂ ಕೆಲಸ ಬಿಡದಿರುವುದು ನಂಬಿಕೆ ಕೊಡುವ ಬಲ.

ಆದರೆ ಇಲ್ಲೊಂದು ಅಪಾಯವೂ ಇದೆ. ಪೌಲನ ಆ ಮಾತುಗಳು ದಾಸರನ್ನು ಉದ್ದೇಶಿಸಿದವು. ಅವುಗಳನ್ನೇ ತೋರಿಸಿ ಅಮೆರಿಕದ ಗುಲಾಮರ ಒಡೆಯರು ಗುಲಾಮಗಿರಿಯನ್ನು ಸಮರ್ಥಿಸಿಕೊಂಡರು. ಯಜಮಾನರೂ ನ್ಯಾಯವಾಗಿ ನಡೆಯಬೇಕು, ಅವರಿಗೂ ಮೇಲೊಬ್ಬ ಯಜಮಾನನಿದ್ದಾನೆ ಎಂದು ಅದೇ ಪತ್ರ ಎಚ್ಚರಿಸುವುದನ್ನು ಮಾತ್ರ ಮರೆತರು! ಆಳಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂಬ ಭಾವ ಯಾಕೋಬನ ಪತ್ರದಲ್ಲಿದೆ. ವಿಚಾರಣೆಯಲ್ಲಿ ಕೆನ್ನೆಗೆ ಹೊಡೆಸಿಕೊಂಡ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ, ನಿಜ. ಆದರೆ ಏತಕ್ಕೆ ಹೊಡೆದೆ ಎಂದು ಕೇಳದೆ ಬಿಡಲಿಲ್ಲ. ವಿಚಾರಣೆಯಿಲ್ಲದೆ ಹೊಡೆಸಿಕೊಂಡು ಸೆರೆಯಲ್ಲಿದ್ದ ಪೌಲನೂ ಗುಟ್ಟಾಗಿ ಹೊರಟುಹೋಗಲು ಒಪ್ಪದೆ, ಅಧಿಕಾರಿಗಳೇ ಬಂದು ಕರೆದೊಯ್ಯಲಿ ಎಂದನು. ದ್ವೇಷವಿಲ್ಲದೆ ನ್ಯಾಯ ಕೇಳುವುದು ತಾಳ್ಮೆಗೆ ವಿರುದ್ಧವಲ್ಲ.

ಹಾಗಾದರೆ ಗೆರೆ ಎಲ್ಲಿ? ನಮಗೆ ತೋಚುವುದು ಇಷ್ಟು. ನಮ್ಮ ತಾಳ್ಮೆಯ ಬೆಲೆಯನ್ನು ತೆರುವವರು ಯಾರು ಎಂದು ಕೇಳಿಕೊಳ್ಳಬೇಕು. ಪೆಟ್ಟು ನಮ್ಮ ಅಭಿಮಾನಕ್ಕೆ ಮಾತ್ರ ಬಿದ್ದರೆ ನುಂಗಬಹುದು, ಕ್ಷಮಿಸಬಹುದು. ಅದು ರೋಗಿಗೋ ನರ್ಸಿಗೋ ಬಿಸಿಲಿನಲ್ಲಿ ದುಡಿಯುವ ಕಾರ್ಮಿಕನಿಗೋ ಬೀಳುತ್ತಿದ್ದರೆ, ನಮ್ಮ ಮೌನದ ಸಾಲವನ್ನು ಅವರು ತೀರಿಸುತ್ತಿದ್ದಾರೆ ಎಂದೇ ಅರ್ಥ. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನ ಕಾರ್ಮಿಕರ ವಸತಿಗೃಹದ ಬೆಂಕಿಯಲ್ಲಿ ಹಲವಾರು ಮಂದಿ ಭಾರತೀಯರು ತೀರಿಕೊಂಡರು. ಅಂಥ ಮನೆಗಳ ಇಕ್ಕಟ್ಟನ್ನು ಕಂಡೂ 'ಸಬರ್' ಎಂದು ಉಪದೇಶಿಸಲು ನಮಗಂತೂ ನಾಲಿಗೆ ಏಳದು.

ಮಾತಾಡುವುದು ಎಲ್ಲರಿಗೂ ಸಮಾನವಾಗಿ ಸುಲಭವಲ್ಲ ಎಂಬುದೂ ನಿಜ. ಮನೆಗೆಲಸದ ಹೆಣ್ಣುಮಗಳು ಬಾಯಿ ತೆರೆದರೆ ಅನ್ನವೇ ಹೋದೀತು. ಡಾಕ್ಟರು, ಇಂಜಿನಿಯರು, ಅಕೌಂಟೆಂಟರಾದ ನಮಗೆ ಹೋಗುವುದು ಹೆಚ್ಚೆಂದರೆ ಒಂದು ಬಡ್ತಿ. ಆದ್ದರಿಂದ ಮೊದಲು ಮಾತಾಡಬೇಕಾದವರು ನಾವೇ. ಜೂನ್‌ನಿಂದ ಆಗಸ್ಟ್‌ವರೆಗೆ 11 ಗಂಟೆಯಿಂದ 4ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಇಲ್ಲಿದೆ. ಸಂಬಳ ತಡೆದರೆ ದೂರು ಕೊಡಲು ಸರ್ಕಾರಿ ಕಚೇರಿಯಿದೆ, ನಮ್ಮ ರಾಯಭಾರ ಕಚೇರಿಯೂ ಇದೆ. ಇದನ್ನು ತಿಳಿಯದವರಿಗೆ ಕನ್ನಡದಲ್ಲಿ ತಿಳಿಸಿ, ಅರ್ಜಿ ಬರೆದುಕೊಟ್ಟು, ಜೊತೆಗೆ ಹೋಗುವುದೂ ಪ್ರಾರ್ಥನೆಯೇ.

ತನ್ನ ನೋವನ್ನು ತಾಳುವ ಶಕ್ತಿಯನ್ನೂ ಪರರ ನೋವನ್ನು ತಾಳಲಾರದ ಮನಸ್ಸನ್ನೂ ದೇವರು ನಮಗೆಲ್ಲ ಕರುಣಿಸಲಿ.