ಬಲಗಡೆಯ ರಸ್ತೆ, ಎಡಗಡೆಯ ಅಭ್ಯಾಸ

ರಸ್ತೆಯ ಎಡಕ್ಕೆ ಹೋಗುವುದೋ ಬಲಕ್ಕೋ ಎಂಬುದು ಬರೀ ಒಪ್ಪಂದದ ಮಾತು, ಅದಕ್ಕೇಕೆ ಧರ್ಮಾಧರ್ಮದ ಭಾರ ಎಂದು ಕೇಳುವವರಿದ್ದಾರೆ. ಸ್ವೀಡನ್ ದೇಶ ಇಂಥವರ ಪರವಾಗಿಯೇ ಸಾಕ್ಷಿ ಹೇಳುವಂತಿದೆ. 1955ರ ಜನಮತಗಣನೆಯಲ್ಲಿ ಬಹುಪಾಲು ಜನ ಬೇಡವೆಂದಿದ್ದರೂ, 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ಇಡೀ ದೇಶ ಎಡದಿಂದ ಬಲಕ್ಕೆ ಸರಿಯಿತು. ನಿನ್ನೆಯ ಶಿಸ್ತು ಇಂದಿನ ಅಪರಾಧವಾಯಿತು. ಆದರೆ ಇದರಿಂದ ನಿಯಮ ಹಗುರಾಗುವುದಿಲ್ಲ. ದಿಕ್ಕು ಯಾವುದೇ ಇರಲಿ, ಎದುರಿನಿಂದ ಬರುವ ಅಪರಿಚಿತ ಅದನ್ನೇ ನಂಬಿ ತನ್ನ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಿರುತ್ತಾನೆ. ನಮ್ಮ ಹೊಣೆ ಹುಟ್ಟುವುದು ಆ ನಂಬಿಕೆಯಿಂದ.

ಪರದೇಶದ ರಸ್ತೆಯಲ್ಲಿ ಹಳೆಯ ಬದಿಗೇ ಹೋಗಿಬಿಡುವ, ಕೆಟ್ಟ ಉದ್ದೇಶವಿಲ್ಲದ ಮರೆವಿಗೆ ದೋಷವೆಲ್ಲಿಯದು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮರೆವು ಬರುವ ಜಾಗ ಗೊತ್ತಿಲ್ಲದಿದ್ದರೆ ಅದನ್ನು ಒಪ್ಪಬಹುದಿತ್ತು. ರಸ್ತೆಯ ಬಲಕ್ಕೆ ಓಡಿಸುವ ಜರ್ಮನಿಗೋ ಅಮೆರಿಕಕ್ಕೋ ಹೋದ ಕನ್ನಡಿಗ ದಟ್ಟಣೆಯಲ್ಲಿ ತಪ್ಪುವುದು ಕಡಿಮೆ, ಮುಂದಿನ ಗಾಡಿಯೇ ದಾರಿ ತೋರಿಸುತ್ತದೆ. ಆದರೆ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ವೃತ್ತದಲ್ಲಿ ವಾಹನ ಎಡದಿಂದ ಬರುತ್ತಿದ್ದರೆ ಕಣ್ಣು ಬಲಕ್ಕೆ ಹೋಗುತ್ತದೆ. ಮೊದಲೇ ಗೊತ್ತಿರುವ ಮರೆವಿಗೆ ಸಿದ್ಧತೆ ಮಾಡಿಕೊಳ್ಳದಿರುವುದು ಆಯ್ಕೆಯೇ. ಗೇರ್ ಬದಲಿಸುವ ಗೊಂದಲ ತಪ್ಪಿಸಲು ಆಟೊಮ್ಯಾಟಿಕ್ ಕಾರು ಬಾಡಿಗೆಗೆ ಪಡೆಯುವುದು, ರಾತ್ರಿ ವಿಮಾನದಿಂದ ಇಳಿದೊಡನೆ ಸ್ಟೀರಿಂಗ್ ಹಿಡಿಯದಿರುವುದು ನೈತಿಕ ನಿರ್ಧಾರಗಳು. ಬ್ರಿಟನ್ನಿನಲ್ಲಿ ನೆಲೆಸಿ ಯುರೋಪಿನ ನೆಲದಲ್ಲೂ ಓಡಿಸಲೆಂದು ಕಾರು ಕೊಳ್ಳುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು: ಬಲಕ್ಕೆ ಸಾಗುವ ಅಲ್ಲಿನ ರಸ್ತೆಯಲ್ಲಿ, ಬಲಗಡೆಯ ಸ್ಟೀರಿಂಗಿನಲ್ಲಿ ಕೂತವನಿಗೆ ಮುಂದಿನ ಲಾರಿಯಾಚೆ ಏನಿದೆಯೆಂದು ಕಾಣಬೇಕಾದರೆ ಕಾರಿನ ಮೂತಿ ಆಗಲೇ ಎದುರಿನವರ ಪಾಲಿನ ರಸ್ತೆಗೆ ನುಗ್ಗಿರುತ್ತದೆ.