ಕಾಯುವ ದಿನದ ಕೂಲಿ ಯಾರದು?

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಸೀಮೆಯ ಬದುಕು ಭತ್ತದ ಸುತ್ತ ತಿರುಗತೊಡಗಿತು. ಭತ್ತದ ಹಿಂದೆ ಗಿರಣಿ ಬಂತು, ಗಿರಣಿಯ ಹಿಂದೆ ಲಾರಿ ಬಂತು. ಗಂಗಾವತಿ, ಕಾರಟಗಿಗಳ ಸೋನಾ ಮಸೂರಿ ಬೆಂಗಳೂರಿನ ಅಡುಗೆಮನೆಗೆ ತಲುಪಬೇಕಾದರೆ ಯಾರೋ ಒಬ್ಬ ರಾತ್ರಿಯಿಡೀ ಎಚ್ಚರವಿರಬೇಕು. ಅಕ್ಕಿಯ ದರ ಏರಿದರೆ ಸುದ್ದಿಯಾಗುತ್ತದೆ. ಅದನ್ನು ಸಾಗಿಸಿದವನಿಗೆ ಎಷ್ಟು ಸಿಕ್ಕಿತೆಂದು ನಾವು ಕೇಳುವುದಿಲ್ಲ.

ಮರಳಿಯಂಥ ಊರುಗಳಲ್ಲಿ ಹೊಲವಿಲ್ಲದ, ಓದು ಅರ್ಧಕ್ಕೆ ನಿಂತ ಹುಡುಗನ ಮುಂದಿರುವ ದಾರಿಗಳು ಕಡಿಮೆ. ಅವುಗಳಲ್ಲಿ ಲಾರಿಯೂ ಒಂದು. ಕ್ಲೀನರ್ ಆಗಿ ಹತ್ತುತ್ತಾನೆ. ಹಗ್ಗ ಬಿಗಿಯುವುದು, ತಾಡಪಾಲು ಹೊದಿಸುವುದು, ಟೈರು ಬದಲಿಸುವುದು ಕಲಿತು ಒಂದು ದಿನ ಸ್ಟೇರಿಂಗ್ ಹಿಡಿಯುತ್ತಾನೆ. ಕಾನೂನಿನಂತೆ ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ವರ್ಷವಾಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಯಿತು. ಬಡವರ ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು.

ಹೊಸ ಚಾಲಕನ ಸಂಬಳ ಹೇಗಿರುತ್ತದೆ? ಕೆಲವರು ತಿಂಗಳಿಗೆ ಸಣ್ಣ ಮೊತ್ತ ಗೊತ್ತುಮಾಡಿ ಮೇಲೆ ದಿನದ ಬತ್ತಾ ಕೊಡುತ್ತಾರೆ. ಕೆಲವರದು ಟ್ರಿಪ್ಪಿನ ಲೆಕ್ಕ. ಇನ್ನು ಕೆಲವರು ದಾರಿಖರ್ಚಿಗೆಂದು ಒಂದಿಷ್ಟು ಹಣ ಕೈಗಿಟ್ಟು ‘ಉಳಿದದ್ದು ನಿನ್ನದು’ ಎನ್ನುತ್ತಾರೆ. ಈ ಮೂರನೆಯದು ಕೇಳಲು ಉದಾರವಾಗಿದೆ. ಆದರೆ ಪಂಕ್ಚರ್, ಹಮಾಲಿ, ದಾರಿಯಲ್ಲಿ ಕೈಬೆಚ್ಚಗೆ ಮಾಡಬೇಕಾದವರ ಪಾಲು ಎಲ್ಲವೂ ಅದರಲ್ಲೇ ಹೋಗಬೇಕು. ಉಳಿಸಬೇಕೆಂದರೆ ಅವನು ಉಳಿಸಬಹುದಾದದ್ದು ತನ್ನ ಊಟವನ್ನು ಮಾತ್ರ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವಚನ ನಮ್ಮ ವೇದಿಕೆಗಳಲ್ಲಿ ಬಹಳ ಕೇಳಿಬರುತ್ತದೆ. ಕೂಲಿ ಎಷ್ಟೆಂದು ಕೆಲಸಕ್ಕೆ ಮೊದಲೇ ಗೊತ್ತುಮಾಡಬೇಕೆಂಬ ನಿಯಮವೂ ಅದೇ ಪರಂಪರೆಯದು, ಅದು ಅಷ್ಟಾಗಿ ಕೇಳಿಸುವುದಿಲ್ಲ. ‘ಉಳಿದದ್ದು ನಿನ್ನದು’ ಎಂಬಲ್ಲಿ ‘ಎಷ್ಟು’ ಎಂಬುದೇ ಇಲ್ಲ.

ಇನ್ನು ದಾರಿಯ ಮಾತು. ವಾಪಸ್ ಲೋಡು ಖಾತ್ರಿಯಿರುವ ಊರುಗಳ ಟ್ರಿಪ್ಪು ಹಳಬರಿಗೆ. ಹೊಸಬನಿಗೆ ಉಳಿಯುವುದು ಯಾರೂ ಒಪ್ಪದ ಟ್ರಿಪ್ಪು: ಹಬ್ಬದ ಮುನ್ನಾದಿನದ್ದು, ಖಾಲಿ ಗಾಡಿಯಲ್ಲಿ ಮರಳಬೇಕಾದದ್ದು, ಹುಬ್ಬಳ್ಳಿ ದಾಟಿ ಯಲ್ಲಾಪುರದ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗುವಂಥದ್ದು. ಅತಿ ಕಡಿಮೆ ಅನುಭವದವನಿಗೆ ಅತಿ ಕಷ್ಟದ ರಸ್ತೆ. ಯಾವ ಕಸುಬಿನಲ್ಲಾದರೂ ಹೀಗಿದೆಯೇ? ಹೊಸ ಗಾರೆಯವನಿಗೆ ಗೋಪುರ ಕಟ್ಟಲು ಯಾರೂ ಹೇಳುವುದಿಲ್ಲ.

ಟ್ರಿಪ್ಪಿನ ಲೆಕ್ಕದಲ್ಲಿ ಕಾಯುವಿಕೆಗೆ ಬೆಲೆಯಿಲ್ಲ. ಗೋದಾಮಿನ ಗೇಟಿನಲ್ಲಿ ಎರಡು ದಿನ ನಿಂತರೂ ಟ್ರಿಪ್ಪು ಒಂದೇ. ಹಮಾಲರು ಬರದಿದ್ದರೆ, ಪಾರ್ಟಿ ಫೋನ್ ಎತ್ತದಿದ್ದರೆ ನಷ್ಟ ಚಾಲಕನದು. ಆ ಎರಡು ದಿನವನ್ನು ಅವನು ಎಲ್ಲಿಂದ ವಸೂಲು ಮಾಡುತ್ತಾನೆ? ತನ್ನ ನಿದ್ದೆಯಿಂದ. ಮುಂದಿನ ಟ್ರಿಪ್ಪನ್ನು ಎರಡು ರಾತ್ರಿಯ ಬದಲು ಒಂದೇ ರಾತ್ರಿಯಲ್ಲಿ ಮುಗಿಸುತ್ತಾನೆ.

ಇಲ್ಲಿ ಒಂದು ಮಾತು ಎದುರಾಗುತ್ತದೆ: ಯಾರೂ ಬಲವಂತ ಮಾಡಿಲ್ಲ, ಅವನೇ ಒಪ್ಪಿ ಬಂದಿದ್ದಾನಲ್ಲ! ಮಾಲೀಕನ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು ಲಾರಿ, ಅದರ ಮೇಲೆ ಬ್ಯಾಂಕಿನ ಕಂತು, ಟ್ರಾನ್ಸ್‌ಪೋರ್ಟ್ ಆಫೀಸಿನ ಕಮಿಷನ್, ಆರು ತಿಂಗಳಿಗೊಮ್ಮೆ ಟೈರು. ಎಷ್ಟೋ ಮಾಲೀಕರು ನಿನ್ನೆಯ ಚಾಲಕರೇ. ಬಾಡಿಗೆ ಹೇಳುವವನು ಬೇರೆಲ್ಲೋ ಕೂತಿರುವಾಗ ಇವನೊಬ್ಬನನ್ನೇ ಕ್ರೂರಿ ಎನ್ನುವುದು ಸುಲಭ.

ಆದರೂ ಆ ಒಪ್ಪಿಗೆಯನ್ನು ನಾವು ಪರೀಕ್ಷಿಸಬೇಕು. ಬೇರೆ ಕೆಲಸವೇ ಇಲ್ಲದವನ ಒಪ್ಪಿಗೆಗೆ ಎಷ್ಟು ತೂಕ ಎಂಬ ಪ್ರಶ್ನೆ ಹಳೆಯದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿದ್ದೆಗೆಟ್ಟು ಓಡಿಸಲು ಮಾಲೀಕ ಮತ್ತು ಚಾಲಕ ಇಬ್ಬರೂ ಮನಸಾರೆ ಒಪ್ಪಿದರು ಎಂದೇ ಇಟ್ಟುಕೊಳ್ಳೋಣ. ನಸುಕಿನಲ್ಲಿ ಬೈಕಿನ ಮೇಲೆ ಎದುರು ಬರುವ ಹಾಲಿನವನು ಒಪ್ಪಿದ್ದಾನೆಯೇ? ರಸ್ತೆ ದಾಟುವ ಕುರಿಗಾಹಿ? ಆ ಕರಾರಿನಲ್ಲಿ ಅವರ ರುಜು ಇಲ್ಲ. ಅಪಾಯ ಮಾತ್ರ ಅವರಿಗೂ ಸಮಪಾಲು. ಇಬ್ಬರು ಸೇರಿ ಮೂರನೆಯವನ ಪ್ರಾಣದ ಮೇಲೆ ಚೌಕಾಸಿ ಮಾಡುವ ಹಕ್ಕು ಯಾವ ಧರ್ಮದಲ್ಲೂ ಯಾವ ನ್ಯಾಯದಲ್ಲೂ ಇಲ್ಲ.

ಕಾನೂನು ಇದನ್ನು ಬಹಳ ಹಿಂದೆಯೇ ಅರಿತಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದಿತು. ದೂರದ ಮಾರ್ಗಕ್ಕೆ ಅನುಮತಿ ಪಡೆದರೆ ದಿನಕ್ಕೆ ಹತ್ತು ಗಂಟೆ. ಆದರೆ ಅದು ಐದು ಮತ್ತು ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಮಾತ್ರ. ಒಂದೆರಡು ಗಾಡಿಯವನ ಚಾಲಕ ಅಂದೇ ಹೊರಗುಳಿದ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂತು, ಐದು ಇದ್ದದ್ದು ಹತ್ತಾಯಿತು. ಬೇಲಿಯನ್ನು ಇನ್ನಷ್ಟು ದೂರ ಸರಿಸಿದಂತಾಯಿತು.

ವಿಚಿತ್ರವೆಂದರೆ ಸರಕಿಗೆ ಸರಕಾರ ಹೆಚ್ಚು ಸಮಯ ಕೊಟ್ಟಿದೆ. ಇ-ವೇ ಬಿಲ್ಲಿನಲ್ಲಿ ಪ್ರತಿ 200 ಕಿ.ಮೀ.ಗೆ ಒಂದು ದಿನ. ಆ ಲೆಕ್ಕದಲ್ಲಿ ಗಂಗಾವತಿಯಿಂದ ಬೆಂಗಳೂರಿಗೆ ಎರಡು ದಿನ. ಆದರೂ ಪಾರ್ಟಿಗೆ ಬೆಳಿಗ್ಗೆಯೇ ಬೇಕು. 2017ರಲ್ಲಿ ಜಿಎಸ್‌ಟಿ ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು, 2021ರಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಹೀಗೆ ಉಳಿದ ಗಂಟೆಗಳು ಚಾಲಕನ ದಿಂಬಿಗೆ ಸೇರಲಿಲ್ಲ, ಮುಂದಿನ ಲೋಡಿಗೆ ಸೇರಿದವು. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಸಂತೋಷ. ಹೊಸಬನ ಕೈಗೆ ಸಿಗುವುದು ಮಾತ್ರ ಹತ್ತು ವರ್ಷ ಹಳೆಯ ಗಾಡಿ.

ನಿಲ್ಲಿಸಿ ಮಲಗೋಣವೆಂದರೆ ಎಲ್ಲಿ? 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹದಂಗಡಿಯ ಹತ್ತಿರ ಲಾರಿಗಳು ನಿಂತಿದ್ದವು. ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಯುವ ಚಾಲಕನ ದೇಹ ಲಾರಿಯ ಸಮೇತ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಇಡೀ ಕೇರಳ ಆತನಿಗಾಗಿ ಕಾದಿತ್ತು. ಲಾರಿ ಚಾಲಕನೊಬ್ಬನ ಹೆಸರು ಅಷ್ಟು ಜನರ ಬಾಯಲ್ಲಿ ಬಂದದ್ದು ಅವನು ಮಣ್ಣಿನಡಿ ಹೋದ ಮೇಲೆ.

ನಮ್ಮ ಜಮಾಅತ್‌ಗಳಲ್ಲಿ ಲಾರಿ ಮಾಲೀಕರಿದ್ದಾರೆ, ಅಕ್ಕಿ ವ್ಯಾಪಾರಿಗಳಿದ್ದಾರೆ, ಚಾಲಕರ ತಂದೆಯರೂ ಇದ್ದಾರೆ. ದೊಡ್ಡ ಸುಧಾರಣೆಯೇನೂ ಬೇಡ. ಗಾಡಿ ಗೇಟಿಗೆ ಬಂದ ಗಂಟೆಯನ್ನು ಬಿಲ್ಟಿಯ ಮೇಲೆ ಬರೆದು ಸಹಿ ಹಾಕಲಿ, ಒಂದು ದಿನ ದಾಟಿದ ಕಾಯುವಿಕೆಯ ಬತ್ತಾವನ್ನು ಪಾರ್ಟಿಯೇ ಕೊಡಲಿ, ಮೊದಲ ವರ್ಷದವನನ್ನು ಒಬ್ಬನೇ ಘಟ್ಟಕ್ಕೆ ಕಳಿಸದಿರಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮೂರೂ ಕಡೆಯವರು ಜುಮಾ ಮುಗಿಸಿ ಹೊರಬರುವುದು ಒಂದೇ ಬಾಗಿಲಿನಿಂದ, ಅಲ್ಲಿಯೇ ಅರ್ಧ ಗಂಟೆ ಕೂತರೆ ಆಗುವಷ್ಟೇ ಮಾತು.